ಸೈಟಿಗೆ ಬರವಿಲ್ಲ, ಬಾಡಿಗೆ ಮನೆಗೆ ಬರ

ಪ್ರಶ್ನೆ: ನಾನು ಶ್ರೀರಂಗಪಟ್ಟಣದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಯಜಮಾನರು ಬೆಳಗೊಳ ಕೈಗಾರಿಕಾ ಪ್ರದೇಶಕ್ಕೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಾರೆ. ಇಬ್ಬರದೂ ಸೇರಿ ತಿಂಗಳಿಗೆ 24 ಸಾವಿರ. ಕೋಟೆ ಒಳಗೆ 5,500 ರೂಪಾಯಿ ಬಾಡಿಗೆಯ ಮನೆಯಲ್ಲಿದ್ದೇವೆ. ಈಗ ಮಾಲೀಕರು 8 ಸಾವಿರ ಕೇಳುತ್ತಿದ್ದಾರೆ. ಕೊಡದಿದ್ದರೆ ಖಾಲಿ ಮಾಡಿ, ಯಾತ್ರಿಕರಿಗೆ ದಿನದ ಲೆಕ್ಕದಲ್ಲಿ ಕೊಡುತ್ತೇನೆ ಅನ್ನುತ್ತಾರೆ. ಊರಾಚೆ ಒಬ್ಬರು ಒಂದು ಗುಂಟೆ ಜಾಗ 9 ಲಕ್ಷಕ್ಕೆ ಕೊಡುತ್ತಾರಂತೆ. ತಗೊಳ್ಳಬಹುದಾ? ನಮ್ಮ ಸ್ತ್ರೀಶಕ್ತಿ ಸಂಘದ ಹದಿನೈದು ಜನರದೂ ಇದೇ ಕಥೆ. ಎಲ್ಲರೂ ಸೇರಿ ಪುರಸಭೆಗೆ ಮನವಿ ಕೊಡೋಣ ಅಂತಿದ್ದೇವೆ. ಅದರಲ್ಲಿ ಏನು ಬರೆಯಬೇಕು?

ಉತ್ತರ: ಮೊದಲು ಗುಂಟೆಯ ವಿಚಾರ ಮುಗಿಸಿಬಿಡೋಣ. ಇಂಥದ್ದಕ್ಕೆ ಮುಂಗಡ ಕೊಡಿ ಅಂತ ಯಾರಾದರೂ ಅವಸರ ಮಾಡುತ್ತಲೇ ಇರುತ್ತಾರೆ. ಬೇಡಮ್ಮ, ತಗೋಬೇಡಿ.

ಅನುಮೋದನೆ ಆದ ಬಡಾವಣೆಯಲ್ಲಿ ಸೈಟನ್ನು ಯಾರೂ ಗುಂಟೆ ಲೆಕ್ಕದಲ್ಲಿ ಮಾರುವುದಿಲ್ಲ. ಇಪ್ಪತ್ತು ಮೂವತ್ತು, ಮೂವತ್ತು ನಲವತ್ತು ಅಂತಲೇ ಹೇಳುತ್ತಾರೆ. ‘ಒಂದು ಗುಂಟೆ’ ಅನ್ನುವ ಮಾತು ಬಂದರೆ ಅದು ಬಹುಪಾಲು ಇನ್ನೂ ಹೊಲವೋ ಗದ್ದೆಯೋ ಆಗಿರುವ ಜಾಗ. ಭೂಪರಿವರ್ತನೆ ಆದೇಶ ತೋರಿಸಿ ಅನ್ನಿ, ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಮೊಹರು ಬಿದ್ದಿದೆಯಾ ನೋಡಿ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9, ಅಂದರೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆ, ಕೇಳಿ. ‘ಅದೆಲ್ಲ ಆಮೇಲೆ ಆಗುತ್ತೆ, ಪಹಣಿಯಲ್ಲಿ ಜಂಟಿಯಾಗಿ ಹೆಸರು ಸೇರಿಸ್ತೀವಿ’ ಅಂದರೆ ನೀವು ಕೊಳ್ಳುತ್ತಿರುವುದು ಜಾಗ ಅಲ್ಲ, ಇನ್ನೊಬ್ಬರ ಕುಟುಂಬದ ಪಾಲು ಜಗಳದಲ್ಲಿ ಒಂದು ಪಾಲು.

ದುಡ್ಡಿನ ಲೆಕ್ಕವೂ ಹೊಂದುವುದಿಲ್ಲ. ಒಡವೆ, ಉಳಿತಾಯ, ತವರಿನ ಸಹಾಯ ಎಲ್ಲ ಸೇರಿ 3 ಲಕ್ಷ ಆದೀತು ಅಂತ ಇಟ್ಟುಕೊಳ್ಳೋಣ. ಮಿಕ್ಕ 6 ಲಕ್ಷಕ್ಕೆ ಇಂಥ ಜಾಗದ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ. ಕೈಸಾಲವೇ ಗತಿ. ನಮ್ಮ ಕಡೆ ನೂರಕ್ಕೆ ಎರಡು ರೂಪಾಯಿ ಅಂದರೆ ಅದೇ ಧರ್ಮದ ಬಡ್ಡಿ, ಅಲ್ವಾ? ಆ ಲೆಕ್ಕದಲ್ಲೂ ತಿಂಗಳಿಗೆ 12 ಸಾವಿರ ಬರೀ ಬಡ್ಡಿ. ನಿಮ್ಮ ದುಡಿಮೆಯಲ್ಲಿ ಅರ್ಧ. ಅಷ್ಟು ಕಟ್ಟಿಕೊಂಡೂ ಬಾಡಿಗೆ ಮನೆಯಲ್ಲೇ ಇರಬೇಕು, ಯಾಕಂದರೆ ಮನೆ ಇನ್ನೂ ಕಟ್ಟಿಲ್ಲ.

ಕಟ್ಟುವ ಖರ್ಚು ಈಗ ಚದರಕ್ಕೆ ಎರಡು ಲಕ್ಷದ ಆಸುಪಾಸು. ಚದರ ಅಂದರೆ ಹತ್ತು ಅಡಿಗೆ ಹತ್ತು ಅಡಿ, ಮೇಸ್ತ್ರಿಗಳ ಲೆಕ್ಕ. ಮೂರು ಚದರದ ಸಣ್ಣ ಮನೆಗೇ 6 ಲಕ್ಷ ಬೇಕು. ನಿಮ್ಮೂರಿನ ಸುತ್ತ ಜಾಗ ಅಂದರೆ ಬಹಳ ಕಡೆ ಗದ್ದೆಯೇ. ನಾಲೆಯಲ್ಲಿ ನೀರು ಬಿಟ್ಟ ದಿನಗಳಲ್ಲಿ ಮೂರಡಿ ಪಾಯ ತೆಗೆದರೆ ಬೆಳಗಾಗುವಷ್ಟರಲ್ಲಿ ಅದರಲ್ಲಿ ಕಪ್ಪೆ ಕೂಗುತ್ತಿರುತ್ತದೆ. ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು, ಮಣ್ಣು ತುಂಬಬೇಕು, ರಸ್ತೆ ಮಟ್ಟಕ್ಕೆ ಏರಿಸಬೇಕು. ಗೋಡೆ ಏಳುವ ಮೊದಲೇ ಲಕ್ಷಗಟ್ಟಲೆ ಮಣ್ಣುಪಾಲು. ಗುಂಟೆ ಮಾರುವವರು ಈ ಮಾತು ಎತ್ತುವುದೇ ಇಲ್ಲ.

ಈಗ ಊರಿನ ಮಾತಿಗೆ ಬರೋಣ.

ನಿಮ್ಮ ಪತ್ರ ಓದಿದ ಮೇಲೆ ಒಂದು ಬೆಳಿಗ್ಗೆ ಮೈಸೂರಿನಿಂದ ರೈಲಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದೆ. ಕಿರಂಗೂರು ಕಡೆ ಒಂದಷ್ಟು, ಹೊಳೆ ದಾಟಿ ಮೈಸೂರು ರಸ್ತೆಯ ಕಡೆ ಒಂದಷ್ಟು ತಿರುಗಾಡಿದೆ. ಒಂದು ಬಡಾವಣೆಯ ಬೀದಿಯಲ್ಲಿ ಎರಡೂ ಕಡೆ ಸೇರಿ ಮೂರೇ ಮನೆ. ಮಿಕ್ಕಿದ್ದೆಲ್ಲ ಪಾರ್ಥೇನಿಯಂ, ನಡುವೆ ನಂಬರ್ ಕಲ್ಲುಗಳು, ಒಂದು ಕಲ್ಲಿಗೆ ಕಟ್ಟಿದ ಎಮ್ಮೆ. ಡಾಂಬರು ಇದೆ, ಕರೆಂಟು ಕಂಬ ಇದೆ, ಚರಂಡಿ ಇದೆ. ಜನ ಇಲ್ಲ. ಅಲ್ಲಿಂದ ಆಟೊ ಹಿಡಿದು ಕೋಟೆಗೆ ಬಂದರೆ ಒಂದು ಸಣ್ಣ ಮನೆಗೆ ಎರಡು ಸಂಸಾರ, ಮೆಟ್ಟಿಲ ಕೆಳಗೆ ಒಲೆ.

ಸಮಸ್ಯೆ ಇಷ್ಟೇ. ಊರಿಗೆ ಸೈಟಿನ ಬರವಿಲ್ಲ, ಮನೆಯ ಬರ. ಅದರಲ್ಲೂ ಐದು ಸಾವಿರದೊಳಗಿನ ಸಣ್ಣ ಬಾಡಿಗೆ ಮನೆಯ ಬರ. ನಮ್ಮಲ್ಲಿ ಸೈಟು ಅಂದರೆ ಚಿನ್ನದ ಸರ ಇದ್ದ ಹಾಗೆ. ಮಗಳ ಮದುವೆಗೆ, ಮಗನ ಓದಿಗೆ ಅಂತ ತಗೊಂಡು ಇಡುತ್ತಾರೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರಲ್ಲಿ ಉದ್ಘಾಟನೆ ಆದ ಮೇಲಂತೂ ಈ ಸರಕ್ಕೆ ಬೆಂಗಳೂರಿನವರ ಕಣ್ಣೂ ಬಿದ್ದಿದೆ. ಇಟ್ಟವರನ್ನು ನಾನು ಬೈಯುವುದಿಲ್ಲ. ನಾನೂ ಒಂದು ಸೈಟನ್ನು ಹನ್ನೊಂದು ವರ್ಷ ಸುಮ್ನೆ ಬಿಟ್ಟಿದ್ದೆ.

ಈ ಚಾಳಿಗೆ ಇತಿಹಾಸ ಇದೆ. ಪ್ಲೇಗ್ ಬಂದು ಜನ ಸತ್ತ ಮೇಲೆ, 1903ರಲ್ಲಿ, ಮೈಸೂರಿನಲ್ಲಿ ಊರು ಸರಿಪಡಿಸಲು ಒಂದು ಟ್ರಸ್ಟ್ ಬೋರ್ಡ್ ಆಯಿತು. ಹಳಬರು ಈಗಲೂ ‘ಸಿಐಟಿಬಿ ಸೈಟು’ ಅನ್ನುತ್ತಾರಲ್ಲ, ಅದೇ. ದೇಶದಲ್ಲೇ ಮೊದಮೊದಲು ಆದ ಇಂಥ ಸಂಸ್ಥೆಗಳಲ್ಲಿ ಅದೂ ಒಂದು. ಅಗಲ ರಸ್ತೆ, ಗಾಳಿ ಬೆಳಕು, ಹಿಂದೆ ಕಸ, ಕಕ್ಕಸು ಬಳಿಯಲು ಕನ್ಸರ್ವೆನ್ಸಿ ಗಲ್ಲಿ, ಎಲ್ಲ ಸೊಗಸಾಗಿಯೇ ಮಾಡಿದರು. 1988ರಲ್ಲಿ ಅದರ ಜಾಗಕ್ಕೆ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಬಂತು. ಹೆಸರು ಬದಲಾದರೂ ಕೆಲಸದ ರೀತಿ ಅದೇ: ಜಮೀನು ತಗೋ, ಸೈಟು ಮಾಡು, ಹಂಚು. ಮನೆ ಕಟ್ಟುವುದು ನಿನ್ನ ಹಣೆಬರಹ. ಸಣ್ಣ ಊರುಗಳೂ ಇದನ್ನೇ ನೋಡಿ ಕಲಿತವು. ಬಡವರಿಗೆ ಅಂತ 1991–92ರಲ್ಲಿ ಆಶ್ರಯ ಯೋಜನೆ ಬಂದಾಗಲೂ ಎಷ್ಟು ಹಕ್ಕುಪತ್ರ ಹಂಚಿದೆವು ಅನ್ನುವುದೇ ಲೆಕ್ಕ. ಎಷ್ಟು ಒಲೆ ಹೊತ್ತಿತು ಅಂತ ಯಾರೂ ಎಣಿಸಲಿಲ್ಲ.

ಒಮ್ಮೆ ಒಂದು ಊರಿಗೆ, ಹೆಸರು ಬೇಡ, ಹಂಚಿ ಹತ್ತು ವರ್ಷ ಆದ ಬಡಾವಣೆ ನೋಡಲು ಹೋಗಿದ್ದೆ. ಪಟ್ಟಿಯಲ್ಲಿದ್ದ ಹೆಸರು ಒಂದು, ಬಾಗಿಲು ತೆಗೆದವರು ಇನ್ನೊಬ್ಬರು. ‘ಕೈಬದಲು ಆಗಿದೆ ಸಾರ್’ ಅಂತ ನೂರು ರೂಪಾಯಿ ಸ್ಟಾಂಪ್ ಪೇಪರ್ ತಂದು ತೋರಿಸಿದರು, ಏನೂ ಅಳುಕಿಲ್ಲದೆ. ಮೂಲ ಹಕ್ಕುದಾರರು ಎಲ್ಲಿ ಅಂತ ವಿಚಾರಿಸಿದೆ. ಊರೊಳಗೆ ಬಾಡಿಗೆ ಮನೆಯಲ್ಲಿದ್ದಾರೆ. ಬಡಾವಣೆ ಊರಿಂದ ನಾಲ್ಕು ಕಿಲೋಮೀಟರ್. ಕೊನೇ ಬಸ್ಸು ಏಳೂವರೆಗೆ. ಹೋಟೆಲಲ್ಲಿ ಪಾತ್ರೆ ತೊಳೆಯುವ ಹೆಂಗಸು ರಾತ್ರಿ ಹತ್ತಕ್ಕೆ ಅಲ್ಲಿಗೆ ಹೇಗೆ ಹೋಗಬೇಕು? ಮಾರಿದ್ದು ಅವಳ ತಪ್ಪಲ್ಲ. ಆ ನಕ್ಷೆಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ನಿಮ್ಮ ಊರಿಗೆ ಇನ್ನೂ ಎರಡು ತೊಡಕು ಇವೆ, ಬೇರೆ ಊರಿಗೆ ಇಲ್ಲದ್ದು. ಒಂದು, ಅದು ದ್ವೀಪ. ಕಾವೇರಿ ಎರಡು ಕವಲಾಗಿ ಸುತ್ತಿಕೊಂಡಿದೆ. ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟಾಗ ದಡದ ತಗ್ಗು ಜಾಗಗಳ ಪಾಡು ನೀವೇ ನೋಡಿದ್ದೀರಿ. ಊರು ಬೆಳೆಯಲು ಆಚೀಚೆ ಜಾಗ ಇಲ್ಲ. ಎರಡು, ಪ್ರಾಚ್ಯವಸ್ತು ಇಲಾಖೆ. ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಅಲ್ಲಿಂದಾಚೆ ಮತ್ತೆ 200 ಮೀಟರ್ ಅನುಮತಿ ತಗೊಂಡೇ ಕಟ್ಟಬೇಕು. ಕೋಟೆ ಗೋಡೆ, ರಂಗನಾಥನ ಗುಡಿ, ಜುಮ್ಮಾ ಮಸೀದಿ, ಬೇಯ್ಲಿಯ ಸೆರೆಮನೆ, ಗಂಜಾಂ ಕಡೆ ದರಿಯಾ ದೌಲತ್, ಗುಂಬಜ್. ಇಷ್ಟರ ಸುತ್ತಲೂ ವೃತ್ತ ಎಳೆದು ನೋಡಿ, ದ್ವೀಪದಲ್ಲಿ ಬಡವರ ಮನೆಗೆ ಏನು ಉಳಿಯುತ್ತದೆ? ಸ್ಮಾರಕ ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 2017ರಲ್ಲಿ ರೈಲು ಜೋಡಿಹಳಿಗಾಗಿ ಟಿಪ್ಪು ಕಾಲದ ಮದ್ದಿನಮನೆಯನ್ನೇ ಬುಡಸಮೇತ ಎತ್ತಿ ಪಕ್ಕಕ್ಕೆ ಇಟ್ಟರಲ್ಲ. ಮನಸ್ಸು ಮಾಡಿದರೆ ದಾರಿ ಇದೆ ಅಂತ ಆವತ್ತು ಗೊತ್ತಾಯಿತು. ಸೋರುವ ಹೆಂಚು ಬದಲಿಸಲು ಅರ್ಜಿ ಹಾಕಿದವರಿಗೆ ಮಾತ್ರ ಆ ದಾರಿ ಕಾಣುವುದಿಲ್ಲ.

ಇದರ ಮೇಲೆ ಯಾತ್ರಿಕರು. ಪಶ್ಚಿಮವಾಹಿನಿಗೆ, ಸಂಗಮಕ್ಕೆ ಅಸ್ಥಿ ಬಿಡಲು ಬಂದವರಿಗೆ ಸ್ನಾನ, ಊಟ, ಒಂದು ಕೋಣೆ ಬೇಕು. ಒಂದು ದಿನಕ್ಕೆ ಸಾವಿರ ಸಿಕ್ಕರೂ ತಿಂಗಳಿಗೆ ಎಂಟು ದಿನ ತುಂಬಿದರೆ ನಿಮ್ಮ ಮಾಲೀಕರು ಕೇಳುತ್ತಿರುವ ಬಾಡಿಗೆ ಬಂತು. ಅವರ ಲೆಕ್ಕ ಅವರಿಗೆ ಸರಿಯೇ.

ಹಾಗಾದರೆ ಏನು ಮಾಡಬೇಕು? ನನ್ನ ಉತ್ತರ ಹಳೇದು: ವಠಾರ.

ಮೂಗು ಮುರಿಯಬೇಡಿ. ನಾನು ಬೆಳೆದದ್ದೇ ಮೈಸೂರಿನ ಅಗ್ರಹಾರದ ಒಂದು ವಠಾರದಲ್ಲಿ. ಬೀದಿಗೆ ಒಂದೇ ಬಾಗಿಲು, ಒಳಗೆ ಉದ್ದಕ್ಕೆ ಅಂಗಳ, ಎರಡೂ ಕಡೆ ಸಾಲಾಗಿ ಏಳು ಮನೆ. ಒಂದು ಬಾವಿ, ಎರಡು ಕಕ್ಕಸು. ಬೆಳಿಗ್ಗೆ ಆರಕ್ಕೆ ಚೊಂಬು ಹಿಡಿದು ಸರತಿ. ಐದನೇ ತಾರೀಕು ಯಜಮಾನಿ ಜಗಲಿ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕೂರೋರು, ಬಾಡಿಗೆ ತಡ ಆದವರು ಹಿತ್ತಲ ಗೋಡೆ ಹಾರಿ ಆಫೀಸಿಗೆ ಹೋಗೋರು. ಜಗಳ ದಿನಾ. ಆದರೆ ಒಬ್ಬ ಗುಮಾಸ್ತ, ಒಬ್ಬ ಟೈಲರ್, ಒಬ್ಬ ಜಟಕಾ ಸಾಬರು, ಒಬ್ಬ ಮೇಷ್ಟ್ರು ಎಲ್ಲರೂ ಪೇಟೆಯ ಮಗ್ಗುಲಲ್ಲೇ ಬದುಕಿದರು. ಬಸ್ಸಿನ ಮಾತೇ ಇರಲಿಲ್ಲ. ಕಕ್ಕಸು ಒಳಗೆ ಇಟ್ಟು, ಮನೆಗೊಂದು ಮೀಟರ್ ಹಾಕಿ ಅದನ್ನೇ ಈಗ ಕಟ್ಟಿದರೆ ಏನಾಗುತ್ತೆ ನೋಡೋಣ.

ನಲವತ್ತು ಅರವತ್ತರ ಸೈಟು ತಗೊಳ್ಳಿ. ಕೆಳಗೆ ನಾಲ್ಕು, ಮೇಲೆ ನಾಲ್ಕು, ತಲಾ ಮೂರು ಚದರದ ಎಂಟು ಮನೆ. ಅದು 24 ಚದರ. ಮೆಟ್ಟಿಲು, ಓಡಾಟದ ಜಾಗಕ್ಕೆ ನಾಲ್ಕು. ಒಟ್ಟು 28 ಚದರ, 56 ಲಕ್ಷ. ತಲಾ 4,500 ಬಾಡಿಗೆ ಅಂದರೆ ತಿಂಗಳಿಗೆ 36 ಸಾವಿರ, ವರ್ಷಕ್ಕೆ 4.32 ಲಕ್ಷ. ಹಾಕಿದ ದುಡ್ಡಿಗೆ ನೂರಕ್ಕೆ ಏಳೂವರೆಗಿಂತ ಜಾಸ್ತಿ. ಅದೇ 28 ಚದರದಲ್ಲಿ ಎರಡು ದೊಡ್ಡ ಮನೆ ಕಟ್ಟಿ ತಲಾ 12 ಸಾವಿರಕ್ಕೆ ಕೊಟ್ಟರೆ ವರ್ಷಕ್ಕೆ 2.88 ಲಕ್ಷ, ನೂರಕ್ಕೆ ಐದು ಚಿಲ್ಲರೆ. ಸಣ್ಣ ಮನೆಗೆ ಅಡುಗೆಮನೆ, ಬಚ್ಚಲು ಜಾಸ್ತಿ, ಹಾಗಾಗಿ ಚದರದ ಖರ್ಚು ಸ್ವಲ್ಪ ಏರುತ್ತದೆ. ಆದರೂ ಸಣ್ಣ ಮನೆಯೇ ಗೆಲ್ಲುತ್ತದೆ.

ಜಾಗದ ಲೆಕ್ಕ ಇನ್ನೂ ಚೆನ್ನಾಗಿದೆ. ನಿಮಗೆ ಹೇಳಿದ ದರದಲ್ಲೇ ಈ ಸೈಟಿಗೆ 20 ಲಕ್ಷ ಹಿಡಿದರೂ ಒಂದು ಮನೆಯ ಪಾಲಿಗೆ ಎರಡೂವರೆ ಲಕ್ಷ. ನೀವು ಒಬ್ಬರೇ ಗುಂಟೆ ತಗೊಂಡರೆ ಒಂಬತ್ತು. ಆದರೆ 56 ಲಕ್ಷಕ್ಕೆ ಈ 20 ಸೇರಿಸಿದರೆ ಬಾಡಿಗೆ ನೂರಕ್ಕೆ ಆರನ್ನೂ ಮುಟ್ಟುವುದಿಲ್ಲ, ಬ್ಯಾಂಕಿನ ಸಾಲಕ್ಕೆ ಅದಕ್ಕಿಂತ ಜಾಸ್ತಿ ಬಡ್ಡಿ ಇದೆ. ಜಾಗ ಕೊಂಡು ಬಡವರಿಗೆ ಮನೆ ಕಟ್ಟಿ ಬಾಡಿಗೆಗೆ ಕೊಡುವ ಪುಣ್ಯಾತ್ಮ ಇಲ್ಲ ಅಂತಾಯಿತು. ಇದು ನಡೆಯುವುದು ಇಬ್ಬರಿಂದ ಮಾತ್ರ. ಒಂದು, ಈಗಾಗಲೇ ಖಾಲಿ ಸೈಟು ಇಟ್ಟುಕೊಂಡವರು. ಇನ್ನೊಂದು, ಜಾಗ ಇರುವ ಪುರಸಭೆ.

ನಿಮ್ಮ ಮನವಿಯ ತಿರುಳು ಇಲ್ಲೇ ಇದೆ. ದಯವಿಟ್ಟು ‘ನಮಗೆ ಸೈಟು ಕೊಡಿ’ ಅಂತ ಬರೆಯಬೇಡಿ. ಹಾಗೆ ಬರೆದ ಅರ್ಜಿಗಳ ಕಂತೆ ಎಲ್ಲ ಪುರಸಭೆಯಲ್ಲೂ ಇದೆ, ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಸೇರುವ ದಿನ ಕಾಯುತ್ತಾ ಬಿದ್ದಿರುತ್ತದೆ. ‘ಊರೊಳಗೆ, ನಡೆದು ಹೋಗುವ ದೂರದಲ್ಲಿ, ಪುರಸಭೆಯ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿ, ಮಾಲೀಕತ್ವ ಪುರಸಭೆಯದೇ ಇರಲಿ’ ಅಂತ ಬರೆಯಿರಿ. ಬಾಡಿಗೆ ಮನೆಯನ್ನು ಕೈಬದಲು ಮಾಡಿ ಮಾರಲು ಆಗುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ನಗರ ಆವಾಸ್ 2.0ರಲ್ಲಿ ಕೈಗೆಟುಕುವ ಬಾಡಿಗೆ ಮನೆಗೆ ಅಂತಲೇ ಒಂದು ಭಾಗ ಇದೆ. ಅದರ ಹೆಸರು ಹೇಳಿ ಕೇಳಿ. ಹೆಸರು ಹೇಳದೆ ಕೇಳಿದರೆ ‘ಅಂಥ ಯೋಜನೆ ಇಲ್ಲಮ್ಮ’ ಅಂದುಬಿಡುತ್ತಾರೆ.

ಎರಡನೇದು, ಖಾಲಿ ಸೈಟುಗಳ ಪಟ್ಟಿ ಕೇಳಿ. ಪ್ರಾಧಿಕಾರದ ಸೈಟುಗಳ ಕರಾರಿನಲ್ಲಿ ಇಷ್ಟು ವರ್ಷದೊಳಗೆ ಮನೆ ಕಟ್ಟಬೇಕು ಅಂತ ಇರುತ್ತದೆ. ಜನ ದಂಡ ಕಟ್ಟಿ ಆರಾಮಾಗಿ ಖಾಲಿ ಬಿಡುತ್ತಾರೆ. ಬೆಲೆ ಏರುವುದರ ಮುಂದೆ ದಂಡ ಕಾಫಿ ಕುಡಿದ ಖರ್ಚು. ಪಟ್ಟಿ ಗೋಡೆಗೆ ಅಂಟಿಸಿದರೆ ಅರ್ಧ ಕೆಲಸ ಆಯಿತು. ಅವರಲ್ಲಿ ಸಣ್ಣ ಬಾಡಿಗೆ ಮನೆ ಕಟ್ಟುವವರಿಗೆ ಪರವಾನಗಿ ಬೇಗ ಕೊಡಿ ಅಂತಲೂ ಸೇರಿಸಿ. ಹಾಗೆಯೇ, ದಿನದ ಲೆಕ್ಕದಲ್ಲಿ ಕೋಣೆ ಕೊಡುವವರು ಉದ್ದಿಮೆ ಪರವಾನಗಿ ತಗೊಂಡು, ಅದಕ್ಕೆ ತಕ್ಕ ತೆರಿಗೆ ಕಟ್ಟಲಿ. ಮನೆ ಅಂತ ತೆರಿಗೆ ಕಟ್ಟಿ ಲಾಡ್ಜ್ ನಡೆಸುವುದು ನಿಂತರೆ ಕೋಟೆ ಒಳಗೆ ಒಂದಷ್ಟು ಮನೆ ಮತ್ತೆ ಬಾಡಿಗೆಗೆ ಬರುತ್ತವೆ. ಈ ಸಾಲು ಬರೆದರೆ ಕೆಲವು ಸದಸ್ಯರಿಗೆ ಸಿಟ್ಟು ಬರಬಹುದು. ಬರೆಯಿರಿ.

ಸಂಘದಲ್ಲಿ ಸೋರುವ ಮನೆಯವರು ಯಾರಾದರೂ ಇದ್ದಾರಾ? ಪುರಸಭೆ ತನ್ನ ಸ್ವಂತ ಆದಾಯದಲ್ಲಿ 24.10% ಪರಿಶಿಷ್ಟ ಜಾತಿ, ಪಂಗಡದವರಿಗೆ, 7.25% ಇತರೆ ಬಡವರಿಗೆ ತೆಗೆದಿಡಬೇಕು. ಮನೆ ರಿಪೇರಿಗೆ ಅದರಿಂದ ಸಹಾಯ ಕೇಳಬಹುದು. ಸ್ಮಾರಕದ 100 ಮೀಟರ್ ಒಳಗೂ ಅನುಮತಿ ತಗೊಂಡು ರಿಪೇರಿ ಮಾಡಬಹುದು, ಹೊಸದಾಗಿ ಕಟ್ಟಲು ಮಾತ್ರ ಆಗದು. ಸರ್ಕಾರಿ ಜಾಗದಲ್ಲಿ ಬಹಳ ವರ್ಷದಿಂದ ಮನೆ ಮಾಡಿಕೊಂಡಿರುವವರು ಭೂಕಂದಾಯ ಕಾಯ್ದೆಯ 94ಸಿಸಿ ಅಡಿ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಲಿ. ನಿಂತಿರುವ ಮನೆಗೆ ಕಾಗದ ಮಾಡಿಕೊಡುವಷ್ಟು ಅಗ್ಗದ ವಸತಿ ಯೋಜನೆ ಬೇರೆ ಯಾವುದೂ ಇಲ್ಲ.

ಕಾಗದ ಇರುವ ಸ್ವಂತ ಜಾಗ ಇದ್ದವರಿಗೆ ಆವಾಸ್ 2.0ರಲ್ಲಿ ಮನೆ ಕಟ್ಟಲು ಕೇಂದ್ರದಿಂದ ಒಂದೂವರೆ ಲಕ್ಷ, ರಾಜ್ಯದ ಪಾಲು ಬೇರೆ. ವರ್ಷದ ಆದಾಯ 3 ಲಕ್ಷ ಮೀರಬಾರದು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ದುಡ್ಡು ಒಟ್ಟಿಗೆ ಬರುವುದಿಲ್ಲ. ಪಾಯ, ಲಿಂಟಲ್, ಛಾವಣಿ ಅಂತ ಹಂತಹಂತಕ್ಕೆ ಫೋಟೊ ತೆಗೆದ ಮೇಲೆ ಬರುತ್ತದೆ. ಲಿಂಟಲ್ ಮಟ್ಟಕ್ಕೆ ನಿಂತು ಗಿಡ ಬೆಳೆದ ಮನೆಗಳನ್ನು ನೋಡಿರುತ್ತೀರಿ. ಕೈಯಲ್ಲಿ ಮೂರು ನಾಲ್ಕು ಲಕ್ಷ ಇಲ್ಲದೆ ಪಾಯ ತೋಡಬೇಡಿ ಅಂತ ಸಂಘದವರಿಗೆ ಹೇಳಿ.

ನಿಮ್ಮ ವಿಷಯ ಬೇರೆ. ನಿಮ್ಮ ಆದಾಯ ವರ್ಷಕ್ಕೆ 2.88 ಲಕ್ಷ, ಮಿತಿಯೊಳಗೇ ಇದೆ. ತಿಂಗಳಿಗೆ ಸಾವಿರಕ್ಕಿಂತ ಸ್ವಲ್ಪ ಏರಿದರೂ ದಾಟುತ್ತದೆ. ಜಾಗ ಇಲ್ಲದ್ದರಿಂದ ಕಟ್ಟುವ ಸಹಾಯ ಸಿಗುವುದಿಲ್ಲ. ಮುಂದೆ ಕಾಗದ ಸರಿ ಇರುವ ಸಣ್ಣ ಮನೆಯೊಂದು ಕಣ್ಣಿಗೆ ಬಿದ್ದರೆ ಇದೇ ಆವಾಸ್ 2.0ರಲ್ಲಿ ಬಡ್ಡಿ ಸಹಾಯಧನ ಇದೆ: ಸಾಲದ ಮೊದಲ 8 ಲಕ್ಷಕ್ಕೆ 4% ಬಡ್ಡಿ ರಿಯಾಯಿತಿ, ಒಟ್ಟು 1.80 ಲಕ್ಷದವರೆಗೆ, ಐದು ಕಂತಿನಲ್ಲಿ. 8 ಲಕ್ಷ ಸಾಲವನ್ನು 9% ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 7,200. ಈಗ ಮಾಲೀಕರು ಕೇಳುತ್ತಿರುವುದಕ್ಕಿಂತ ಕಡಿಮೆ. ಆ ಗುಂಟೆ ತಗೊಂಡರೆ ಈ ಬಾಗಿಲೂ ಮುಚ್ಚುತ್ತದೆ, ಕೈಸಾಲಕ್ಕೆ ಸಹಾಯಧನ ಇಲ್ಲ.

ಯಾರಾದರೂ ‘ಭೋಗ್ಯಕ್ಕೆ ಬನ್ನಿ, ಮೂರು ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆ ಇಲ್ಲದೆ ಇರಿ’ ಅಂದರೆ ಆಸೆ ಆಗುತ್ತದೆ. ತಪ್ಪಿಲ್ಲ, ಆದರೆ ಪತ್ರ ನೋಂದಣಿ ಆಗಲೇಬೇಕು. ವರ್ಷ ಮೀರಿದ ಗುತ್ತಿಗೆಗೆ ಅದು ಕಡ್ಡಾಯ. ಮೊದಲು ಋಣಭಾರ ಪತ್ರ ತೆಗೆಸಿ, ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ನೋಡಿ. ಮಾಲೀಕ ಸಾಲ ಕಟ್ಟದೆ ಮನೆ ಹರಾಜಿಗೆ ಬಂದರೆ ಮೊದಲು ಬೀದಿಗೆ ಬೀಳುವುದು ಭೋಗ್ಯದವರು.

ಮನವಿಯನ್ನು ಡಿಸೆಂಬರ್ ಒಳಗೇ ಕೊಡಿ. ಬಜೆಟ್ ಪೂರ್ವಭಾವಿ ಸಭೆ ಕರೆದಾಗ ಹದಿನೈದು ಜನರೂ ಹೋಗಿ, ಮುಂದಿನ ಸಾಲಿನಲ್ಲಿ ಕೂರಿ. ಸ್ವೀಕೃತಿ ಪ್ರತಿಗೆ ಮೊಹರು ಹಾಕಿಸಿಕೊಳ್ಳುವುದು ಮರೆಯಬೇಡಿ.

ಅಷ್ಟರವರೆಗೆ ನಿಮ್ಮ ಮಾಲೀಕರ ಜೊತೆ ಒಮ್ಮೆ ಕೂತು ಮಾತಾಡಿ. ತಿಂಗಳಿಗೆ ಎಂಟು ದಿನ ಯಾತ್ರಿಕರು ಬಂದರೆ ಎಂಟು ಸಲ ಬಟ್ಟೆ ಒಗೆಸಬೇಕು, ನೀರು ತುಂಬಿಸಬೇಕು, ಆಷಾಢದಲ್ಲಿ ಯಾರು ಬರುತ್ತಾರೋ ಗೊತ್ತಿಲ್ಲ. 6,500ಕ್ಕೆ ಒಪ್ಪಿಸಿ, ಹನ್ನೊಂದು ತಿಂಗಳ ಕರಾರು ಬರೆಸಿ, ವರ್ಷಕ್ಕೆ ನೂರಕ್ಕೆ ಐದಕ್ಕಿಂತ ಏರಿಸುವಂತಿಲ್ಲ ಅಂತ ಸೇರಿಸಿ. ಬಾಡಿಗೆ ಕೈಗೆ ಕೊಡಬೇಡಿ, ಫೋನಿನಲ್ಲಿ ಹಾಕಿ. ನಾಳೆ ಬ್ಯಾಂಕಿಗೆ ಹೋದಾಗ ತಿಂಗಳು ತಪ್ಪದೆ ಕಟ್ಟಿದ್ದಕ್ಕೆ ಅದೇ ಸಾಕ್ಷಿ.